ಚಿಕ್ಕಮಗಳೂರಿನಲ್ಲಿ ವಿಕ್ಕಾ ಅಭ್ಯಾಸ ಆರಂಭಿಸುವವರು ಅದರ ಎಂಟು ಹಬ್ಬಗಳನ್ನು ಇಂಗ್ಲೆಂಡಿನ ದಿನಾಂಕಗಳಲ್ಲೇ ಆಚರಿಸಬೇಕೇ?

ಆಚರಿಸಲೇಬೇಕೆಂಬ ಕಟ್ಟಳೆಯಿಲ್ಲ. ವಿಕ್ಕಾ ಎಂಬುದು 20ನೇ ಶತಮಾನದ ಮಧ್ಯಭಾಗದಲ್ಲಿ ಇಂಗ್ಲೆಂಡಿನ ಜೆರಾಲ್ಡ್ ಗಾರ್ಡ್ನರ್ ಮೊದಲಾದವರು ರೂಪಿಸಿದ, ಮಂತ್ರವಿದ್ಯೆಯೂ ಸೇರಿದ ಪ್ರಕೃತಿಪೂಜೆಯ ಧರ್ಮ. ನಮ್ಮಲ್ಲಿ ಮಾಟವೆಂದೊಡನೆ ನೆನಪಾಗುವ ನಿಂಬೆಹಣ್ಣು, ಕುಂಕುಮದ ಭಯಕ್ಕೂ ಅದಕ್ಕೂ ಸಂಬಂಧವಿಲ್ಲ, ಎಲ್ಲರಿಗೂ ದಿನ ಗೊತ್ತುಪಡಿಸುವ ಮಠವಾಗಲಿ ಪೀಠವಾಗಲಿ ಅದಕ್ಕಿಲ್ಲ.

ಎಂಟರಲ್ಲಿ ನಾಲ್ಕು ಹಬ್ಬಗಳು ಸೂರ್ಯನ ಗತಿಯನ್ನು, ಅಂದರೆ ಎರಡು ಅಯನ (ಹಗಲು ಅತಿ ದೀರ್ಘ ಅಥವಾ ಅತಿ ಕಿರಿದಾಗುವ ದಿನ) ಮತ್ತು ಎರಡು ವಿಷುವಗಳನ್ನು (ಹಗಲು-ರಾತ್ರಿ ಸಮವಾಗುವ ದಿನ) ಅನುಸರಿಸುವುದರಿಂದ ಅವು ಲಂಡನ್ನಿಗೂ ಚಿಕ್ಕಮಗಳೂರಿಗೂ ಒಂದೇ. ಆದರೆ ವರ್ಷದ ಅತಿ ದೀರ್ಘ ಹಾಗೂ ಅತಿ ಕಿರಿದಾದ ಹಗಲುಗಳ ಅಂತರ ಲಂಡನ್ನಿನಲ್ಲಿ ಸುಮಾರು 9 ಗಂಟೆ, ನಮ್ಮಲ್ಲಿ ಸುಮಾರು ಒಂದೂವರೆ ಗಂಟೆ ಮಾತ್ರ. ಡಿಸೆಂಬರಿನಲ್ಲಿ ಸೂರ್ಯ ಮರಳಿ ಬರುವುದನ್ನು ಅವರು ಅಷ್ಟು ಸಂಭ್ರಮಿಸಲು ಕಾರಣ ಇದೇ.

ಉಳಿದ ನಾಲ್ಕು ಹಬ್ಬಗಳ ಬೇರು ಬ್ರಿಟನ್, ಐರ್ಲೆಂಡ್‌ಗಳ ಬೇಸಾಯದ ಋತುಗಳಲ್ಲಿದೆ, ತೊಡಕು ಇರುವುದು ಇಲ್ಲಿಯೇ. ಆಗಸ್ಟ್ 1ರ ಲಾಮಾಸ್ ಅಲ್ಲಿ ಮೊದಲ ಪೈರಿನ ಕೊಯ್ಲಿನ ಹಬ್ಬವಾದರೆ, ಅದೇ ಹೊತ್ತಿಗೆ ಮೂಡಿಗೆರೆ, ಸಕಲೇಶಪುರದ ಕಡೆಯ ಗದ್ದೆಗಳಲ್ಲಿ ಮೊಣಕಾಲುದ್ದ ಕೆಸರಿನಲ್ಲಿ ನಿಂತು ಭತ್ತದ ಸಸಿ ನಾಟಿ ಮಾಡುತ್ತಿರುತ್ತಾರೆ. (ಆ ಮಳೆಯಲ್ಲಿ ತಂಡಿ ಹಿಡಿದ ಬೆಂಕಿಕಡ್ಡಿ ಹೊತ್ತಿಕೊಂಡರೆ ಅದೇ ದೊಡ್ಡ ಮಂತ್ರವಿದ್ಯೆ.) ಋತುಗಳು ತಿರುವುಮುರುವಾಗಿರುವ ಆಸ್ಟ್ರೇಲಿಯಾದ ಅನೇಕ ಸಾಧಕರು ಎಂಟು ಹಬ್ಬಗಳ ಇಡೀ ಚಕ್ರವನ್ನೇ ಆರು ತಿಂಗಳು ಸರಿಸಿಕೊಂಡಿದ್ದಾರೆ. ನನ್ನ ಅಭಿಪ್ರಾಯದಲ್ಲಿ, ಸೂರ್ಯನ ನಾಲ್ಕನ್ನು ಹಾಗೆಯೇ ಉಳಿಸಿಕೊಂಡು, ಉಳಿದ ನಾಲ್ಕರಲ್ಲಿನ ವಸಂತದ ಹಬ್ಬವನ್ನು ಹೂಮಳೆ ಬಿದ್ದ ಎಂಟು-ಹತ್ತು ದಿನಗಳಲ್ಲಿ ಕಾಫಿತೋಟ ಬೆಳ್ಳಗೆ ಅರಳಿ ಘಮ್ಮೆನ್ನುವ ಬೆಳಗಿಗೆ ಇಟ್ಟುಕೊಳ್ಳುವುದು ಸೂಕ್ತ.