ಓದುಗರ ಪ್ರಶ್ನೆ: ಕಥೆ ಹೇಳುತ್ತಿದ್ದ ರಾಜಕುಮಾರ ಎಲ್ಲಿ ಹೋದ?

ಪ್ರಶ್ನೆ: ಕಾಲೇಜಿನ ದಿನಗಳಲ್ಲಿ ‘ಪ್ರಿನ್ಸ್ ಆಫ್ ಪರ್ಷಿಯಾ: ದಿ ಸ್ಯಾಂಡ್ಸ್ ಆಫ್ ಟೈಮ್’ ಎಂಬ ವಿಡಿಯೊ ಗೇಮನ್ನು ಮನಸೋತು ಆಡಿದವನು ನಾನು. ಅದರ ಮುಂದಿನ ಭಾಗವಾದ ‘ವಾರಿಯರ್ ವಿದಿನ್’ ಅನ್ನು ಈಚೆಗಷ್ಟೇ ಕೊಂಡು ಆಡತೊಡಗಿ, ಬೇಸತ್ತು ಅರ್ಧಕ್ಕೇ ಬಿಟ್ಟೆ. ಮೊದಲ ಭಾಗದಲ್ಲಿ ತುಂಟನೂ ಮಾತಿನಮಲ್ಲನೂ ಆಗಿದ್ದ ರಾಜಕುಮಾರ ಇಲ್ಲಿ ಹಲ್ಲು ಕಡಿಯುತ್ತ ಎಲ್ಲರನ್ನೂ ಬೈಯುತ್ತಾನೆ; ಅವನ ಜೊತೆಗಾತಿಯಾಗಿದ್ದ ಫರಾ ಇಲ್ಲವೇ ಇಲ್ಲ; ಹಿನ್ನೆಲೆಯಲ್ಲಿ ಕಿವಿಗಡಚಿಕ್ಕುವ ಗಿಟಾರ್ ಬೇರೆ. ಇದು ನಿಜವಾಗಿಯೂ ಕೆಟ್ಟ ಆಟವೇ, ಅಥವಾ ಹಳೆಯದರ ಮೇಲಿನ ಮೋಹದಿಂದ ನನಗೆ ಹಾಗೆ ಕಾಣುತ್ತಿದೆಯೇ? ಅಷ್ಟು ಚೆನ್ನಾಗಿದ್ದುದನ್ನು ಹೀಗೇಕೆ ಬದಲಾಯಿಸಿದರು?
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಮೋಹ ಸ್ವಲ್ಪ ಇದ್ದೀತು, ಆದರೆ ನಿಮ್ಮ ಅಸಮಾಧಾನ ಆಧಾರವಿಲ್ಲದ್ದಲ್ಲ. 1989ರಲ್ಲಿ ಆಪಲ್ 2 ಕಂಪ್ಯೂಟರಿಗಾಗಿ ಮೂಲ ‘ಪ್ರಿನ್ಸ್ ಆಫ್ ಪರ್ಷಿಯಾ’ವನ್ನು ರೂಪಿಸಿದ, ಅದಕ್ಕಾಗಿ ತಮ್ಮನನ್ನು ಓಡಿಸಿ ನೆಗೆಸಿ ಚಿತ್ರೀಕರಿಸಿಕೊಂಡು ಆ ಚಿತ್ರಗಳನ್ನೇ ತಿದ್ದಿ ರಾಜಕುಮಾರನ ಚಲನೆಗೆ ಜೀವ ತುಂಬಿದ ಜೋರ್ಡನ್ ಮೆಕ್ನರ್ ಅವರೇ 2003ರ ‘ಸ್ಯಾಂಡ್ಸ್ ಆಫ್ ಟೈಮ್’ಗೂ ಕಥೆ ಬರೆದವರು. 2004ರ ಕೊನೆಗೆ ಬಂದ ‘ವಾರಿಯರ್ ವಿದಿನ್’ನಲ್ಲಿ ಅವರ ಕೈ ಇರಲಿಲ್ಲ. ಅದರ ಕಲೆಯ ಧೋರಣೆಯಾಗಲಿ ಹಿಂಸೆಯಾಗಲಿ ತಮಗೆ ಹಿಡಿಸಲಿಲ್ಲವೆಂದು ಅವರು ಮುಂದೆ ಬಹಿರಂಗವಾಗಿಯೇ ಹೇಳಿದರು. ಹೀಗಾಗಿ ಈ ದೂರಿನಲ್ಲಿ ನಿಮಗೆ ದೊಡ್ಡವರ ಜೊತೆಯೇ ಸಿಕ್ಕಿದೆ.

ಆದರೂ ಸಿಟ್ಟನ್ನು ಸರಿಯಾದ ಕಡೆಗೆ ತಿರುಗಿಸಬೇಕೆಂದು ನನಗನ್ನಿಸುತ್ತದೆ. ಗಿಟಾರ್ ಅಂಥ ದೊಡ್ಡ ಅಪರಾಧವಲ್ಲ. ಗಾಡ್‌ಸ್ಮ್ಯಾಕ್ ಎಂಬ ರಾಕ್ ತಂಡದ ಹಾಡುಗಳನ್ನು ತಂದು ಹಾಕಿದ್ದು ಆ ಕಾಲದ ಅಮೆರಿಕದ ಹುಡುಗರನ್ನು ಸೆಳೆಯಲೆಂಬುದು ಎದ್ದು ಕಾಣುತ್ತದೆ, ನಿಜ. ಆದರೆ ಧ್ವನಿಯನ್ನು ಕಡಿಮೆ ಮಾಡಿದರೆ ಆ ತೊಂದರೆ ಮುಗಿಯಿತು. ಧ್ವನಿ ಕಡಿಮೆ ಮಾಡಿ ಸರಿಪಡಿಸಲಾಗದ ನಷ್ಟವೊಂದಿದೆ: ಮೊದಲ ಆಟದಲ್ಲಿ ಕಥೆ ಹೇಳುವವನೊಬ್ಬನಿದ್ದ, ಎರಡನೆಯದರಲ್ಲಿ ಅವನಿಲ್ಲ.

‘ಸ್ಯಾಂಡ್ಸ್ ಆಫ್ ಟೈಮ್’ ಹೇಗೆ ಕೆಲಸ ಮಾಡುತ್ತಿತ್ತೆಂಬುದನ್ನು ಒಮ್ಮೆ ನೆನಪಿಸಿಕೊಳ್ಳಿ. ಕಥೆ ಶುರುವಾಗುವುದು ನಮ್ಮ ದೇಶದಲ್ಲೇ. ಪರ್ಷಿಯಾದ ಸೈನ್ಯ ಭಾರತದ ಒಬ್ಬ ಮಹಾರಾಜನ ಅರಮನೆಗೆ ನುಗ್ಗುತ್ತದೆ; ಆ ಮಹಾರಾಜನ ಮಂತ್ರಿಯೇ ಬಾಗಿಲು ತೆರೆದುಕೊಟ್ಟ ದ್ರೋಹಿ, ಸೆರೆಯಾದ ಫರಾ ಆ ಮಹಾರಾಜನ ಮಗಳು. ತಂದೆಯ ಮುಂದೆ ಮೆರೆಯಬೇಕೆಂಬ ಹಂಬಲದಿಂದ ರಾಜಕುಮಾರ ಅಲ್ಲಿಂದ ಕಾಲದ ಕಠಾರಿಯನ್ನು ಕದಿಯುತ್ತಾನೆ, ಮುಂದೆ ಅಜಾದ್ ಸುಲ್ತಾನನ ಅರಮನೆಯಲ್ಲಿ ಮಂತ್ರಿಯ ಮಾತಿಗೆ ಮರುಳಾಗಿ ಅದನ್ನೇ ಬಳಸಿ ಕಾಲದ ಮರಳು ತುಂಬಿದ್ದ ಮರಳಗಡಿಯಾರವನ್ನು ತೆರೆದು ಎಲ್ಲರನ್ನೂ ಮರಳಿನ ಪಿಶಾಚಿಗಳನ್ನಾಗಿಸುತ್ತಾನೆ. ಇದೆಲ್ಲವನ್ನೂ ಅವನೇ ನಮಗೆ ಹೇಳುತ್ತಿರುತ್ತಾನೆ. ಆಡುವವನು ಕಂಬದಿಂದ ಜಾರಿ ಬಿದ್ದು ಸತ್ತರೆ, ಹರಿಕಥೆಯ ದಾಸರು ದಾರಿ ತಪ್ಪಿದ ಪ್ರಸಂಗವನ್ನು ತಡೆದು ಹಿಂದಕ್ಕೆ ತರುವ ಹಾಗೆ, ಇಲ್ಲ ಇಲ್ಲ, ಆದದ್ದು ಹಾಗಲ್ಲ ಎಂದು ಅವನು ತನ್ನನ್ನೇ ತಿದ್ದಿಕೊಳ್ಳುತ್ತಿದ್ದ. ಬೇರೆ ಆಟಗಳಲ್ಲಿ ಆಟದ ಹೊರಗಿನ ಸಂಗತಿಯಾಗಿದ್ದ ಸಾವು ಇಲ್ಲಿ ಕಥೆಗಾರನ ಬಾಯಿತಪ್ಪಾಯಿತು. ಕಠಾರಿಯಲ್ಲಿ ಮರಳು ಇರುವಷ್ಟು ಸಲ ಕೆಲವು ಕ್ಷಣಗಳನ್ನು ಹಿಂದಕ್ಕೆ ಸರಿಸಬಹುದೆಂಬ ನಿಯಮವೂ ಅದೇ ಮಾತಿನ ಇನ್ನೊಂದು ರೂಪವಾಗಿತ್ತು. ಕೊನೆಯಲ್ಲಿ, ಅವನು ಇಷ್ಟು ಹೊತ್ತೂ ಕಥೆ ಹೇಳುತ್ತಿದ್ದುದು ನಮಗಲ್ಲ, ಕಾಲವನ್ನು ಪೂರ್ತಿಯಾಗಿ ಹಿಂದಕ್ಕೆ ತಿರುಗಿಸಿದ್ದರಿಂದ ತನ್ನನ್ನು ಗುರುತೇ ಹಿಡಿಯದ ಫರಾಳಿಗೆ ಎಂದು ಗೊತ್ತಾಗುತ್ತದೆ. ಅವಳು ಹಿಂದೊಮ್ಮೆ ಗುಟ್ಟಾಗಿ ಹೇಳಿಕೊಟ್ಟಿದ್ದ ‘ಕಾಕೊಲುಕಿಯಾ’ ಎಂಬ ಬಾಲ್ಯದ ಮಾತನ್ನೇ ತನ್ನ ಹೆಸರೆಂದು ಹೇಳಿ ಅವನು ಹೊರಟುಬಿಡುತ್ತಾನೆ. ಆಟದ ನಿಯಮ, ಕಥೆ, ಪಾತ್ರದ ಸ್ವಭಾವ ಮೂರೂ ಹೀಗೆ ಒಂದೇ ಎಳೆಯಲ್ಲಿ ಕೂಡಿಬಂದ ಉದಾಹರಣೆಗಳು ಕಡಿಮೆ.

ಹೀಗೆ ಮುಚ್ಚಿಹೋದ ಕಥೆಗೆ ಮುಂದಿನ ಭಾಗ ಬರೆಯುವುದೇ ಕಷ್ಟ. ಆದರೂ ಬರೆಯಬೇಕಾಗಿ ಬಂದ ಕಾರಣಗಳು ಬೇರೆ. ವಿಮರ್ಶಕರು ಹೊಗಳಿದಷ್ಟರ ಮಟ್ಟಿಗೆ ‘ಸ್ಯಾಂಡ್ಸ್ ಆಫ್ ಟೈಮ್’ ಮೊದಮೊದಲು ಮಾರಾಟವಾಗಲಿಲ್ಲ. ಹೊಗಳಿದವರೂ ಒಂದು ದೂರನ್ನು ಮಾತ್ರ ತಪ್ಪದೆ ಹೇಳಿದರು: ಕಾಳಗ ಸಪ್ಪೆ. ವೈರಿಯ ತಲೆಯ ಮೇಲಿಂದ ಹಾರಿ ಹಿಂದಿನಿಂದ ಹೊಡೆಯುವುದನ್ನೇ ಮತ್ತೆ ಮತ್ತೆ ಮಾಡಬೇಕು ಎಂಬ ಆ ದೂರು ನ್ಯಾಯವಾದದ್ದೇ. ಜೊತೆಗೆ, ಮೊದಲ ಆಟದ ಸೃಜನಶೀಲ ಮುಖ್ಯಸ್ಥರಾಗಿದ್ದ ಪ್ಯಾಟ್ರಿಸ್ ಡೆಸಿಲೆ, ಆಟವನ್ನು ಹೊರತಂದ ಯೂಬಿಸಾಫ್ಟ್ ಕಂಪನಿಯ ಅದೇ ಮಾಂಟ್ರಿಯಲ್ ಸ್ಟುಡಿಯೊದಲ್ಲಿ ಬೇರೊಂದು ಕೆಲಸಕ್ಕೆ ತೊಡಗಿದರು. ಪ್ರಿನ್ಸ್ ಸರಣಿಯ ಆಟವಾಗಿಯೇ ಹುಟ್ಟಿದ ಆ ಯೋಜನೆ 2007ರಲ್ಲಿ ‘ಅಸಾಸಿನ್ಸ್ ಕ್ರೀಡ್’ ಆಗಿ ಹೊರಬಂತು. ಉಳಿದವರು ಒಂದು ವರ್ಷದ ಆಸುಪಾಸಿನಲ್ಲಿ ಎರಡನೆಯ ಭಾಗವನ್ನು ಮುಗಿಸಿದರು. ದೂರು ಬಂದಿದ್ದ ಕಾಳಗವನ್ನು ಅವರು ನಿಜವಾಗಿಯೂ ಸರಿಪಡಿಸಿದರು: ವೈರಿಯ ಕೈಯಿಂದ ಕತ್ತಿ ಕಸಿದು ಎರಡೂ ಕೈಯಲ್ಲಿ ಬೀಸುವುದು, ಬಿಸುಡುವುದು, ಕಂಬವನ್ನು ಹಿಡಿದು ಸುತ್ತುತ್ತ ಹೊಡೆಯುವುದು, ಇವೆಲ್ಲ ಮೊದಲ ಭಾಗಕ್ಕಿಂತ ಖಂಡಿತ ಮೇಲು. ಆದರೆ ಯಾರೂ ದೂರದೆ ಇದ್ದ ಮಾತುಗಾರಿಕೆಯನ್ನೂ ಅದರ ಜೊತೆಯಲ್ಲೇ ಕಿತ್ತುಹಾಕಿದರು. ರಾಜಕುಮಾರನಿಗೆ ಕಂಠ ಕೊಟ್ಟಿದ್ದ ಯೂರಿ ಲೋವೆಂತಾಲ್ ಅವರನ್ನೂ ಬದಲಿಸಿದರು. ಶಾದಿ ಎಂಬ ವೈರಿಯಂಥ ಹೆಣ್ಣುಪಾತ್ರಗಳಿಗೆ ತೊಡಿಸಿದ ಉಡುಪಿನ ಬಗ್ಗೆ ಹೆಚ್ಚು ಬರೆಯುವ ಅಗತ್ಯವಿಲ್ಲ; ಇಪ್ಪತ್ತು ವರ್ಷದ ಹಿಂದೆಯೂ ಅದು ಕೀಳು ಅಭಿರುಚಿಯೇ ಆಗಿತ್ತು.

ಇನ್ನು ಅರ್ಧಕ್ಕೆ ಬಿಟ್ಟದ್ದರ ಬಗ್ಗೆ. ಕಥೆಯ ತಿರುವನ್ನು ಹೇಳದೆ ಇದಕ್ಕೆ ಉತ್ತರಿಸಲಾಗದು; ಬೇಡವೆನ್ನುವವರು ಈ ಪ್ಯಾರಾವನ್ನು ದಾಟಿಹೋಗಬಹುದು. ಕಾಲದ ಮರಳನ್ನು ಹೊರಬಿಟ್ಟವನು ವಾಸ್ತವದಲ್ಲಿ ಸಾಯಬೇಕಾಗಿತ್ತು, ಹಾಗಾಗಿ ಕಾಲದ ಕಾವಲುಗಾರನಾದ ದಹಾಕಾ ಅವನನ್ನು ವರ್ಷಗಟ್ಟಲೆ ಬೆನ್ನಟ್ಟುತ್ತಿದೆ ಎಂಬುದು ಎರಡನೆಯ ಭಾಗದ ತಿರುಳು. ಮೊದಲ ಭಾಗದಲ್ಲಿ ಪುಕ್ಕಟೆಯಾಗಿ ಕಂಡ ವರಕ್ಕೆ ಈಗ ಬೆಲೆ ಕೇಳುವ ಈ ಯೋಚನೆ ಬಲವಾದದ್ದು. ದಹಾಕಾ ಅಟ್ಟಿಸಿಕೊಂಡು ಬರುವಾಗ ಪರದೆಯ ಬಣ್ಣವೇ ಬತ್ತಿಹೋಗಿ, ನೀರಿನ ತೆರೆಯೊಂದನ್ನು ದಾಟುವವರೆಗೆ ಉಸಿರು ಬಿಡಲಾಗದೆ ಓಡುವ ದೃಶ್ಯಗಳಿಗೆ ಸಮನಾದದ್ದು ಮೊದಲ ಭಾಗದಲ್ಲಿಲ್ಲ. ಆಟದ ಮೊದಲರ್ಧದಲ್ಲಿ ನೀವು ಅಲ್ಲಲ್ಲಿ ಕಂಡಿರಬಹುದಾದ ಒಂದು ಕಪ್ಪು ನೆರಳಿನಂಥ ಜೀವಿಯನ್ನು ನೆನಪಿಸಿಕೊಳ್ಳಿ. ಮುಂದೆ ಒಂದು ಮುಖವಾಡವನ್ನು ಧರಿಸಿದ ರಾಜಕುಮಾರನೇ ಆ ಜೀವಿಯಾಗಿ, ನೀವು ಈಗಾಗಲೇ ನೋಡಿದ ಘಟನೆಗಳನ್ನು ಇನ್ನೊಂದು ಬದಿಯಿಂದ ಮತ್ತೆ ಬದುಕುತ್ತಾನೆ. ನೀವು ಬಿಟ್ಟದ್ದು ಬಹುಶಃ ಇದಕ್ಕೆ ತುಸು ಮೊದಲು.

ಹಾಗಾಗಿ ನನ್ನ ತೀರ್ಪು ಇದು: ಯೋಚನೆ ಮೊದಲ ಭಾಗಕ್ಕೆ ತಕ್ಕ ಮಗು, ಮಾತು ಮಾತ್ರ ಯಾರದೋ. ಒಂದೇ ಕೋಟೆಯ ಭೂತ–ವರ್ತಮಾನಗಳ ನಡುವೆ ಅಲೆದಾಡಿಸುವ ರೀತಿ ದಣಿಸುತ್ತದೆ, ತಾಂತ್ರಿಕ ದೋಷಗಳೂ ಸಾಕಷ್ಟಿವೆ; ಆದರೂ ಮುಗಿಸಲು ಯೋಗ್ಯವಾದ ಆಟ.

ಪ್ರಶ್ನೆ: ‘ವಾರಿಯರ್ ವಿದಿನ್’ ಮುಗಿಸಿ ಮೂರನೆಯ ಭಾಗವಾದ ‘ದಿ ಟೂ ಥ್ರೋನ್ಸ್’ ಆರಂಭಿಸಿದೆ. ನಾನೇ ಕೊಂದ ಕಾಲದ ರಾಣಿ ಕೈಲೀನಾ ಇಲ್ಲಿ ರಾಜಕುಮಾರನ ಜೊತೆ ಹಡಗಿನಲ್ಲಿದ್ದಾಳೆ. ಇದು ಬರೆದವರ ಮರೆವೇ?
— ಓದುಗರೊಬ್ಬರು, ಪುಣೆ

ಉತ್ತರ: ಮರೆವಲ್ಲ. ಎರಡನೆಯ ಭಾಗಕ್ಕೆ ಎರಡು ಮುಕ್ತಾಯಗಳಿವೆ. ಕೋಟೆಯ ಮೂಲೆಮೂಲೆಗಳಲ್ಲಿ ಅಡಗಿಸಿಟ್ಟಿರುವ, ಆಯುಸ್ಸು ಹೆಚ್ಚಿಸುವ 9 ತಾಣಗಳನ್ನೂ ಹುಡುಕಿದವರಿಗೆ ನೀರಿನ ಕತ್ತಿ ದೊರೆಯುತ್ತದೆ. ಅದು ಕೈಯಲ್ಲಿದ್ದರೆ ಕೊನೆಯ ಯುದ್ಧ ಕೈಲೀನಾಳೊಂದಿಗಲ್ಲ, ದಹಾಕಾನೊಂದಿಗೆ ನಡೆದು ಅವಳು ಬದುಕುತ್ತಾಳೆ. 2005ರ ಕೊನೆಗೆ ಬಂದ ಮೂರನೆಯ ಭಾಗ ಈ ಎರಡನೆಯ ಮುಕ್ತಾಯವನ್ನೇ ಮುಂದುವರಿಸುತ್ತದೆ. ಹೆಚ್ಚಿನವರ ಕಣ್ಣಿಗೆ ಬೀಳದ ಮುಕ್ತಾಯವೊಂದನ್ನೇ ಅಧಿಕೃತವೆಂದು ಹಿಡಿದದ್ದು ಆಡುಗರಿಗೆ ಮಾಡಿದ ಅನ್ಯಾಯ ಎಂಬುದು ನನ್ನ ಅಭಿಪ್ರಾಯ. ಆದರೆ ಮೂರನೆಯ ಭಾಗವನ್ನು ಬಿಡಬೇಡಿ. ಲೋವೆಂತಾಲ್ ಅವರ ಕಂಠವೂ ಫರಾಳೂ ಅದರಲ್ಲಿ ಮರಳಿ ಬಂದಿದ್ದಾರೆ, ಕಥೆ ಹೇಳುವ ಧ್ವನಿಯೂ ಬಂದಿದೆ, ಈ ಸಲ ಕೈಲೀನಾಳದ್ದು. ಎರಡನೆಯ ಭಾಗದ ಕ್ರೂರ ರಾಜಕುಮಾರನನ್ನು ನಾಯಕನ ಮೈಯೊಳಗೇ ಇರುವ ಇನ್ನೊಂದು ಜೀವವಾಗಿ ಬೇರ್ಪಡಿಸಿ, ಅವನೊಂದಿಗೆ ಜಗಳವಾಡಿಸಿರುವುದನ್ನು ನೋಡಿದರೆ, ಅಭಿಮಾನಿಗಳ ದೂರು ಮಾಂಟ್ರಿಯಲ್‌ಗೆ ಚೆನ್ನಾಗಿಯೇ ತಲುಪಿತ್ತೆನ್ನಬೇಕು.

ಪ್ರಶ್ನೆ: ನನ್ನ 12 ವರ್ಷದ ಮಗ ಈ ಸರಣಿಯನ್ನು ಆಡಬೇಕೆನ್ನುತ್ತಿದ್ದಾನೆ. ಎಲ್ಲವನ್ನೂ ಒಟ್ಟಿಗೆ ಕೊಡಿಸಬಹುದೇ?
— ತಾಯಿಯೊಬ್ಬರು, ಮೈಸೂರು

ಉತ್ತರ: ಒಟ್ಟಿಗೆ ಬೇಡ, ಅಮ್ಮ. ಅಮೆರಿಕದ ವರ್ಗೀಕರಣದ ಪ್ರಕಾರ ‘ಸ್ಯಾಂಡ್ಸ್ ಆಫ್ ಟೈಮ್’ 13 ವರ್ಷ ತುಂಬಿದವರಿಗೆ. ಅದರ ನಂತರದ ಎರಡೂ ಭಾಗಗಳು 17 ತುಂಬಿದವರಿಗೆ. ಮೊದಲನೆಯದನ್ನು ನೀವು ಪಕ್ಕದಲ್ಲಿ ಕುಳಿತು ಆಡಿಸಬಹುದು, ಅದರ ಕಥೆ ನಿಮಗೂ ಹಿಡಿಸೀತು. ‘ವಾರಿಯರ್ ವಿದಿನ್’ನಲ್ಲಿ ತಲೆ ಕಡಿಯುವ, ದೇಹವನ್ನು ಸೀಳುವ ದೃಶ್ಯಗಳು ಪ್ರತಿ ಕಾಳಗದಲ್ಲೂ ಬರುತ್ತವೆ. ಅಂಗಡಿಯವರು ಮೂರನ್ನೂ ಒಂದೇ ಕಟ್ಟಿನಲ್ಲಿ ಮಾರಲು ಬಂದರೆ ಮೊದಲನೆಯದನ್ನಷ್ಟೇ ಕೇಳಿ ಪಡೆಯಿರಿ.