ಅದೇ ಥರ ಕಾಣೋ ಹೊಸ ಮಾರ್ಕೆಟ್ಟು ಸಾಕಾ?

ಮೈಸೂರಿನ ಓದುಗರೊಬ್ರು ಸ್ವಲ್ಪ ಸಿಟ್ಟಲ್ಲೇ ಕೇಳಿದಾರೆ: “ದೇವರಾಜ ಮಾರ್ಕೆಟ್ಟು, ಲ್ಯಾನ್ಸ್‌ಡೌನ್ ಬಿಲ್ಡಿಂಗು, ನಮ್ಮೂರಿನ ಈ ಎರಡು ಹಳೇ ಅಂಗಡಿ ಕಟ್ಟಡಗಳನ್ನೂ ಕೆಡವಿ ಅದೇ ಥರ ಕಾಣೋ ಹೊಸದು ಕಟ್ಟಿದ್ರೆ ತಪ್ಪೇನು? ಅರಮನೆನೂ ಹಳೇದು ಸುಟ್ಟೋದ್ಮೇಲೆ ಕಟ್ಟಿದ್ದೇ ಅಲ್ವಾ? ಹೆರಿಟೇಜ್ ಅಂತ ಜನ ಸಾಯ್ಬೇಕಾ?”

ಕೊನೇ ಪ್ರಶ್ನೆ ಮೊದ್ಲು ತಗೋತೀನಿ ಸಾರ್. 2012ರ ಆಗಸ್ಟಲ್ಲಿ ಲ್ಯಾನ್ಸ್‌ಡೌನ್ ಬಿಲ್ಡಿಂಗ್ ಒಂದು ಕಡೆ ಕುಸಿದು ನಾಲ್ಕು ಜನ ತೀರ್ಕೊಂಡ್ರು, ಅದನ್ನ ಬದಿಗಿಟ್ಟು ಮಾತಾಡೋ ಹಕ್ಕು ಯಾರಿಗೂ ಇಲ್ಲ. ಆದ್ರೆ 1892ರ ಕಟ್ಟಡ, ವಯಸ್ಸಾಗಿತ್ತು, ಬಿತ್ತು ಅಂತ ಕೈ ತೊಳ್ಕೊಳೋದನ್ನ ಮಾತ್ರ ನಾನು ಒಪ್ಪಲ್ಲ. ಅಲ್ಲೇ ಹತ್ರ ಇರೋ ಚಿಕ್ಕಗಡಿಯಾರದ ಗೋಪುರ 1886ರದ್ದು, ಅದಿನ್ನೂ ಬೀಳ್ದೆ ನಿಂತಿದ್ಯಲ್ಲ!

ಸುಣ್ಣದ ಗಾರೆ ಕಟ್ಟಡಕ್ಕೆ ನೀರೇ ಯಮ. ತಾರಸಿ ಮೇಲಿನ ನೀರು ಹೋಗೋ ಕೊಳವೆ ಕಸದಿಂದ ಕಟ್ಕೊಳುತ್ತೆ, ನಿಂತ ನೀರು ಮದ್ರಾಸ್ ತಾರಸಿಯ (ಮರದ ತೊಲೆ ಮೇಲೆ ಇಟ್ಟಿಗೆ ಜೋಡಿಸಿ ಗಾರೆ ಹಾಕಿದ ಛಾವಣಿ) ಇಟ್ಟಿಗೆ ಸಂದಿಲಿ ಇಳಿದು ಗೋಡೆಯೊಳಗೆ ಕೂತಿರೋ ತೊಲೆಯ ತುದಿನ ಕೊಳೆಸುತ್ತೆ, ಹೊರಗಡೆಯಿಂದ ಏನೂ ಕಾಣಲ್ಲ. ಸಂದಿಲೊಂದು ಅರಳಿ ಸಸಿ ಹುಟ್ಟುತ್ತೆ, ದೇವರ ಮರ ಅಂತ ಯಾರೂ ಕೀಳಲ್ಲ. ಆಮೇಲೆ ಕಂಟ್ರಾಕ್ಟರ್ ಬಂದು ಸಿಮೆಂಟ್ ಬಳಿದು ಬಿಲ್ ಮಾಡ್ಕೊಂಡು ಹೋಗ್ತಾನೆ, ಸುಣ್ಣದ ಗೋಡೆ ತೇವ ಹೊರಗೆ ಬಿಡೋಕಾಗ್ದೆ ಒಳಗೊಳಗೇ ಪುಡಿಯಾಗುತ್ತೆ. 2016ರಲ್ಲಿ ಮಾರ್ಕೆಟ್ಟಿನ ಉತ್ತರದ ಬಾಗಿಲ ಕಡೆ ಕುಸಿದಿದ್ದು ರಿಪೇರಿ ನಡೀತಿದ್ದಾಗಲೇ ಅನ್ನೋದು ನೆನಪಿರ್ಲಿ.

ಇನ್ನು ಅರಮನೆ. ಪಾಯಿಂಟ್ ಚೆನ್ನಾಗಿದೆ, ಸುಮ್ನೆ ತಳ್ಳಿಹಾಕೋಕಾಗಲ್ಲ. 1897ರಲ್ಲಿ ಮರದ ಅರಮನೆ ಸುಟ್ಟೋಯ್ತು, ವಾಸ್ತುಶಿಲ್ಪಿ ಹೆನ್ರಿ ಇರ್ವಿನ್ ನಕ್ಷೆಲಿ 1912ಕ್ಕೆ ಹೊಸದು ಮುಗೀತು. ಆದ್ರೆ ಇರ್ವಿನ್ ನಕಲು ಹೊಡೀಲಿಲ್ಲ; ಬೆಂಕಿ ಭಯ ಇತ್ತು, ಕಲ್ಲು, ಇಟ್ಟಿಗೆ, ಕಬ್ಬಿಣ ತಂದ್ರು, ಕಲ್ಯಾಣಮಂಟಪದ ಕಂಬ ಗ್ಲಾಸ್ಗೋದಿಂದ ಬಂತು. ಅದು ಆ ಕಾಲದ ಕಟ್ಟಡ ಅಂತ ನೋಡಿದ್ರೇ ಗೊತ್ತಾಗುತ್ತೆ. ಊರು ಅಂದ್ರೆ ಹಿಂಗೆ ಒಂದರ ಮೇಲೊಂದು ಪದರ ಬೀಳೋದೇ, ಅದಕ್ಕೆ ನನ್ನ ತಕರಾರಿಲ್ಲ. ಅಲ್ಲಿ ಹಳೇದು ಬೂದಿಯಾಗಿತ್ತು. ಇಲ್ಲಿ ಮಾರ್ಕೆಟ್ಟಲ್ಲಿ ಇನ್ನೂ ಕುಂಕುಮ ರಾಶಿ ಹಾಕ್ಕೊಂಡು, ಮಲ್ಲಿಗೆ ಮೊಳ ಹಾಕ್ಕೊಂಡು, ಬಾಳೆಗೊನೆ ನೇತಾಕ್ಕೊಂಡು ವ್ಯಾಪಾರ ನಡೆಸೋರಿದಾರೆ, ಅವರನ್ನ ಎಬ್ಬಿಸಿ ಆರ್‌ಸಿಸಿ ಕಾಂಕ್ರೀಟು ಹಾಕಿ ಮುಂದಕ್ಕೆ ನಾಲ್ಕು ಕಮಾನು ಅಂಟಿಸೋದು ಯಾವ ಪದರ?

ರಿಪೇರಿ ಆಗುತ್ತೆ, ಆಗಲ್ಲ ಅಂತ ತಜ್ಞರಲ್ಲೇ ಎರಡು ಪಕ್ಷ ಇದೆ, ನಾನು ರಿಪೇರಿ ಪಕ್ಷ. ಕೆಡವೋದೇ ಆದ್ರೆ ಮೊದ್ಲು ಕಟ್ಟಡದ ಅಳತೆ ತೆಗ್ಸಿ, ಗಟ್ಟಿ ಇರೋ ತೊಲೆ ಎತ್ತಿಡ್ಸಿ, ಅಂಗಡಿಯವರಿಗೆ ವಾಪಸ್ ಜಾಗ ಕೊಡ್ತೀವಿ ಅಂತ ಬರ್ಕೊಡ್ಸಿ. ಕಟ್ಟೋದು ಈ ಕಾಲದ ಕಟ್ಟಡದ ಥರನೇ ಇರ್ಲಿ, ಅದಕ್ಕೆ ಹಳೇ ಇಸವಿ ಬೋರ್ಡ್ ಮಾತ್ರ ತಗುಲಿಹಾಕ್ಬೇಡಿ.

– ಸಂಪಾದಕ