ಸ್ಲೋ ಕುಕ್ಕರಿನಲ್ಲಿ ಕ್ಯೂಬಾದ ಬೀಫ್ ಅಡುಗೆ ರೋಪಾ ವಿಯೇಹಾ ಮಾಡಿದರೆ ನೀರುನೀರಾಗುತ್ತಿದೆ. ಕಾರ್ನ್ ಫ್ಲೋರ್ ಹಾಕಲಾ, ಇಲ್ಲಾ ಪ್ರೆಶರ್ ಕುಕ್ಕರಿನಲ್ಲಿ ಮಾಡಲಾ?

ಎರಡೂ ಬೇಡ. ನಿಮ್ಮ ಪ್ರಶ್ನೆ ಓದಿದ ತಕ್ಷಣ ಮಯಾಮಿಗೆ ಬಂದ ಮೊದಲ ವರ್ಷದ ನನ್ನ ಅಡುಗೆಮನೆ ನೆನಪಾಯಿತು.

ನಮ್ಮ ಪಕ್ಕದ ಮನೆಯ ಅಜ್ಜಿ ಹವಾನಾದವರು. ಅವರ ಮನೆಯಲ್ಲೇ ನಾನು ಮೊದಲು ಇದನ್ನು ತಿಂದಿದ್ದು. ರೋಪಾ ವಿಯೇಹಾ ಅಂದ್ರೆ ಸ್ಪ್ಯಾನಿಷ್‌ನಲ್ಲಿ ಹಳೇ ಬಟ್ಟೆ, ಎಳೆ ಎಳೆ ಬಿಟ್ಟ ಮಾಂಸ ನೋಡಿದರೆ ಯಾಕೆ ಅಂತ ಗೊತ್ತಾಗುತ್ತೆ. ಮುಂದಿನ ಭಾನುವಾರ ಅವರನ್ನೇ ಊಟಕ್ಕೆ ಕರೆದೆ. ಒಂದು ಕಿಲೋ ಫ್ಲ್ಯಾಂಕ್, ಅಂದ್ರೆ ಹೊಟ್ಟೆ ಭಾಗದ ಬೀಫ್, ಜೊತೆಗೆ ಈರುಳ್ಳಿ, ಕ್ಯಾಪ್ಸಿಕಂ, ಬೆಳ್ಳುಳ್ಳಿ, ಟೊಮೆಟೊ, ಜೀರಿಗೆ, ಒರೆಗಾನೊ ಎಲ್ಲಾ ಹಸಿಯಾಗೇ ಸ್ಲೋ ಕುಕ್ಕರಿಗೆ, ಅಂದ್ರೆ ಗಂಟೆಗಟ್ಟಲೆ ನಿಧಾನವಾಗಿ ಬೇಯಿಸುವ ಕರೆಂಟ್ ಪಾತ್ರೆಗೆ ತುಂಬಿ, ಪ್ರೆಶರ್ ಕುಕ್ಕರಿನ ಅಭ್ಯಾಸದಲ್ಲಿ ಮಾಂಸ ಮುಳುಗುವಷ್ಟು ನೀರು ಸುರಿದೆ. ಬಡಿಸಿದಾಗ ಕೆಂಪು ನೀರು ಅನ್ನದ ಅಡಿಗೆಲ್ಲಾ ಹರಿದು, ಪಕ್ಕದಲ್ಲಿದ್ದ ಹುರಿದ ಬಾಳೆಹಣ್ಣಿನ ಬಿಲ್ಲೆಗಳು ನೆಂದು ಮೆತ್ತಗಾದವು. ಅಜ್ಜಿ ಪೂರ್ತಿ ಊಟ ಮಾಡಿದರು. ಆಮೇಲೆ ಮೆಲ್ಲಗೆ ಕೇಳಿದರು, "ಸೂಪನ್ನೂ ಇದನ್ನೂ ಒಂದೇ ಪಾತ್ರೇಲಿ ಮಾಡಿದ್ಯಾ ಮಗಳೇ?"

ನನ್ನ ತಪ್ಪು ಅಲ್ಲೇ ಇತ್ತು. ಹಳೇ ಕ್ರಮದಲ್ಲಿ ಇದು ಎರಡು ಹಂತದ ಅಡುಗೆ. ಮೊದಲು ಮಾಂಸವನ್ನು ಜಾಸ್ತಿ ನೀರಲ್ಲಿ ಬೇಯಿಸಿ ಬಸಿಯುತ್ತಾರೆ, ಆ ನೀರು ಸೂಪಿಗೆ. ಬಿಡಿಸಿದ ಮಾಂಸ ಮಾತ್ರ ಸೋಫ್ರಿತೋಗೆ, ಅಂದ್ರೆ ಎಣ್ಣೆಯಲ್ಲಿ ಬಾಡಿಸಿದ ಈರುಳ್ಳಿ, ಕ್ಯಾಪ್ಸಿಕಂ, ಬೆಳ್ಳುಳ್ಳಿಗೆ ಬೀಳುತ್ತೆ. ನಾನು ಮಂಡ್ಯದವಳು, ಬಸ್ಸಾರು ತಿಂದು ಬೆಳೆದವಳು. ಕಟ್ಟು ಸಾರಿಗೆ, ಬೆಂದ ಸೊಪ್ಪು ಕಾಳು ಪಲ್ಯಕ್ಕೆ ಅಂತ ಗೊತ್ತಿದ್ದೂ ಇಲ್ಲಿ ಕಟ್ಟು ಬಸಿಯದೇ ಪಲ್ಯ ಮಾಡಲು ಹೊರಟಿದ್ದೆ! ಅದರ ಮೇಲೆ ಸ್ಲೋ ಕುಕ್ಕರಿನಲ್ಲಿ ನೀರು ಇಂಗುವುದೇ ಇಲ್ಲ. ಹಬೆ ಮುಚ್ಚಳಕ್ಕೆ ತಾಗಿ ಹನಿಯಾಗಿ ವಾಪಸ್ ಒಳಗೇ ಬೀಳುತ್ತೆ. ಮಾಂಸ, ಈರುಳ್ಳಿ, ಟೊಮೆಟೊ ಎಲ್ಲವೂ ತಮ್ಮ ನೀರನ್ನೂ ಬಿಡುತ್ತವೆ. ಅಷ್ಟು ನೀರಿರುವಾಗ ಕಾರ್ನ್ ಫ್ಲೋರ್ ಹಾಕಿದರೆ ಮಂದ ಆಗುತ್ತೆ ನಿಜ, ರುಚಿ ಮಾತ್ರ ಸಪ್ಪೆಯಾಗೇ ಇರುತ್ತೆ.

ಹಾಗಾಗಿ ನೀರು ಒಂದು ಹನಿಯೂ ಬೇಡ. ಮಾಂಸವನ್ನು ಬಿಸಿ ಬಾಣಲೆಯಲ್ಲಿ ಎರಡೂ ಕಡೆ ಕಂದು ಬಣ್ಣ ಬರುವ ತನಕ ಇಡಿ. ಸಣ್ಣಗೆ ಹೆಚ್ಚಬೇಡಿ, ಎಳೆ ತುಂಡಾಗುತ್ತೆ, ಎರಡು ಮೂರು ದೊಡ್ಡ ತುಂಡು ಸಾಕು. ಅದೇ ಬಾಣಲೆಯಲ್ಲಿ ಸೋಫ್ರಿತೋ ಮಾಡಿ, ಅರ್ಧ ಕಪ್ ಬಿಳಿ ವೈನ್ ಹಾಕಿ ತಳ ಕೆರೆದು ಒಂದೆರಡು ನಿಮಿಷ ಕುದಿಸಿ. ವೈನನ್ನು ನೇರವಾಗಿ ಸ್ಲೋ ಕುಕ್ಕರಿಗೆ ಸುರಿದರೆ ಅದರ ಘಾಟು ಅಲ್ಲೇ ಉಳಿಯುತ್ತೆ. ಒಂದು ಕಪ್ ಟೊಮೆಟೊ, ಜೀರಿಗೆ ಪುಡಿ, ಒರೆಗಾನೊ ಸೇರಿಸಿ ಎಲ್ಲವನ್ನೂ ಸ್ಲೋ ಕುಕ್ಕರಿಗೆ ಹಾಕಿ, ಲೋ ಸೆಟ್ಟಿಂಗಿನಲ್ಲಿ ಸುಮಾರು 8 ಗಂಟೆ ಬಿಡಿ. ಸುಮ್ನೆ ಮುಚ್ಚಳ ತೆಗೆದು ನೋಡಬೇಡಿ, ಕಾವು ಹೋಗುತ್ತೆ. ಬೆಂದ ಮೇಲೆ ಮಾಂಸ ತೆಗೆದು ಎರಡು ಫೋರ್ಕಲ್ಲಿ ಬಿಡಿಸಿ. ಉಳಿದ ರಸವನ್ನು ಅಗಲ ಬಾಣಲೆಯಲ್ಲಿ ಸೌಟಿಗೆ ಅಂಟುವ ತನಕ ಕುದಿಸಿ, ಎಳೆಗಳನ್ನು ಅದಕ್ಕೇ ವಾಪಸ್ ಹಾಕಿ. ಹಸಿರು ಆಲಿವ್, ಕೇಪರ್ (ಉಪ್ಪಿನಕಾಯಿ ಥರ ಹಾಕಿದ ಪುಟ್ಟ ಮೊಗ್ಗು) ಕೊನೆಗೆ. ಅವೇ ಉಪ್ಪಿರುತ್ತವೆ, ಉಪ್ಪನ್ನು ಆಮೇಲೆ ರುಚಿ ನೋಡಿ ಹಾಕಿ.

ಪ್ರೆಶರ್ ಕುಕ್ಕರನ್ನು ಇದರ ಜೊತೆ ತಿನ್ನುವ ಕಪ್ಪು ಬೀನ್ಸ್ ಬೇಯಿಸಲು ಇಟ್ಟುಕೊಳ್ಳಿ.